ಹೆಸರು ಕೇಳಿದರೆ ಯವ್ವ ಅಂದಳು

ಜೂನ್ 9, ಸೋಮವಾರ. ಬೆಳಗ್ಗೆ 9

ವ್ಯಾನ್ ಹೋಯಿತು. ತಿರುವು ದಾಟಿದ ಮೇಲೆ ನೆನಪಾಯಿತು — ಎಡಗಾಲಿನ ಶೂ ಬಲಗಾಲಿಗೆ ಹಾಕಿ ಕಳಿಸಿದ್ದೇನೆ. ಹಾಳಾದ ಗಡಿಬಿಡಿ. ಮಿಸ್ ನೋಡಿ ಸರಿ ಮಾಡಿದರೆ ಪುಣ್ಯ. ಇಲ್ಲದಿದ್ದರೆ ಸಂಜೆ ಬಾತುಕೋಳಿಯ ಹಾಗೆ ನಡೆದುಕೊಂಡು ಬರುತ್ತಾಳೆ.

ಎದ್ದಾಗಿನಿಂದ ಮಗಳ ಜೊತೆ ಆಡಿದ್ದು ಇಷ್ಟು — ಗೆಟ್ ಅಪ್. ಬ್ರಷ್. ಬಾತ್. ಈಟ್. ಈಟ್ ಫಾಸ್ಟ್. ಶೂ. ಬಾಯ್. ಮುಗಿಯಿತು. ನನ್ನ ಇಂಗ್ಲಿಷಿನ ಡಬ್ಬಿಗೆ ಅಷ್ಟಕ್ಕೇ ತಳ ಕಾಣುತ್ತದೆ. ಪಿಯುಸಿಯಲ್ಲಿ ಪಾಸಾಗಿದ್ದು ಗೈಡ್ ಬಾಯಿಪಾಠ ಮಾಡಿ. ಅಳುವ ಮಗಳನ್ನು ರಮಿಸುವುದು ಹೇಗೆ ಅಂತ ಆ ಗೈಡಿನಲ್ಲಿ ಇರಲಿಲ್ಲ.

ಈ ಡೈರಿ ಇವರ ಕಂಪನಿಯದು. ಇವರು ಗಾಳಿಯಂತ್ರ ರಿಪೇರಿ ಮಾಡುತ್ತಾರೆ — ನಮ್ಮ ಜನ ಫ್ಯಾನ್ ಅಂತಾರಲ್ಲ, ಗುಡ್ಡದ ಮೇಲಿನವು, ಅವು. ಈಗ ಗುಜರಾತಿನ ಕಡೆ ಹಾಕಿದ್ದಾರೆ. ರಜೆ ಸಿಕ್ಕಾಗ ಬರುತ್ತಾರೆ. "ಹೊತ್ತು ಹೋಗಲಿಲ್ಲಂದ್ರ ಏನರೆ ಬರ್ಕೋತ ಕುಂಡ್ರು" ಅಂತ ಕೊಟ್ಟು ಹೋದರು. ಬರೆಯುತ್ತೇನೆ. ಮನೆಯಲ್ಲಿ ಕನ್ನಡ ಬಂದ್ ಆಗಿದೆ. ಇಲ್ಲಿ ಬರೆದರೆ ಯಾರಿಗೂ ಕೇಳಿಸುವುದಿಲ್ಲ.

ಅದೇ ದಿನ, ಮಧ್ಯಾಹ್ನ

ಬಂದ್ ಆದ ಕಥೆ ಬರೆದುಬಿಡುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಉಬ್ಬರ.

ಮೇ ತಿಂಗಳಲ್ಲಿ ಎಲ್‌ಕೆಜಿಗೆ ಸೇರಿಸಲು ಹೋಗಿದ್ದೆವು. ಕ್ಲಾಸ್ ಮಿಸ್ ಇವಳನ್ನು ಮುಂದೆ ನಿಲ್ಲಿಸಿಕೊಂಡು "ವಾಟ್ ಈಸ್ ಯುವರ್ ನೇಮ್?" ಅಂದರು. ಸುಮ್ಮನೆ ನಿಂತಳು. "ನಿನ್ನ ಹೆಸರೇನು ಪುಟ್ಟಾ?" ಅಂತ ಕನ್ನಡದಲ್ಲೂ ಕೇಳಿದರು. ಆಗ ನೋಡು, ಎದೆ ಸೆಟೆಸಿ, ಆಫೀಸಿಗೆಲ್ಲ ಕೇಳುವ ಹಾಗೆ — "ಯವ್ವ!" ಅಂದಳು.

ಸುಳ್ಳೇನು ಹೇಳಲಿಲ್ಲ ಪಾಪ. ತೊಟ್ಟಿಲಲ್ಲಿ ಇಟ್ಟದ್ದು ನಮ್ಮ ಅತ್ತೆಯ ಹೆಸರು. ಅತ್ತೆ ತೀರಿದ ಮೇಲೆ ಹುಟ್ಟಿದವಳು, ಅವರೇ ಹೊಳ್ಳಿ ಬಂದಾರ ಅಂತ ಮಾವನಿಗೆ ಖುಷಿ. ಆದರೆ ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರಬಾರದಲ್ಲ. ಬರೆಯಲೂ ಕೈ ಏಳುತ್ತಿಲ್ಲ. ಹನುಮಂತ ದೇವರ ಹೆಸರಿನ ಹಿಂದೆ ಅವ್ವ ಅಂತ ಹಚ್ಚಿದರೆ ಆಯಿತು, ಅದೇ. ಶಾಲೆಗೆ ಇರಲಿ ಅಂತ ಇವರು ಪ್ರಿಯಾಂಕಾ ಅಂತ ಬರೆಸಿದರು. ಆ ಹೆಸರಿನಿಂದ ಯಾರೂ ಕರೆದೇ ಇರಲಿಲ್ಲ. ನಮ್ಮೂರು ಹಮ್ಮಿಗಿಯಲ್ಲಿ ನನಗೆ, ಮಾವನಿಗೆ, ಓಣಿಗೆ, ಹೊಳೆಗೆ ಬಟ್ಟೆ ಒಗೆಯಲು ಬರುವ ಹೆಂಗಸರಿಗೆ — ಎಲ್ಲರಿಗೂ ಇವಳು ಯವ್ವ. ಬಾ ಯವ್ವ, ಉಣ್ಣು ಯವ್ವ, ಮಕ್ಕೋ ನನ್ನವ್ವ. ಹಗಲೆಲ್ಲ ಅದನ್ನೇ ಕೇಳಿದವಳು ಹೆಸರು ಕೇಳಿದರೆ ಮತ್ತೇನು ಹೇಳಬೇಕು?

ಮಿಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಗಂಭೀರ. "ಮನೆ ಭಾಷೆ ಹಾಗೇ ಬಾಯಿಗೆ ಅಂಟಿಕೊಂಡಿದೆ ಮೇಡಂ. ಮನೆಯಲ್ಲಿ ಓನ್ಲಿ ಇಂಗ್ಲಿಷ್ ಮಾತಾಡಿ. ಎರಡೂ ಕಲಸಿದರೆ ಮಗುವಿಗೆ ಕನ್‌ಫ್ಯೂಸ್ ಆಗುತ್ತೆ."

ಬೈಕಿನ ಮೇಲೆ ಬರುವಾಗ ಇವರು, "ಕೇಳಿದಿಲ್ಲ? ಇನ್ನ ಮ್ಯಾಲೆ ಮನ್ಯಾಗ ಮಮ್ಮಿ, ಪಪ್ಪಾ, ಪ್ರಿಯಾಂಕಾ. ಅಷ್ಟ."

"ನನಗೆಲ್ಲಿ ಬರ್ತೈತ್ರಿ ಇಂಗ್ಲಿಷು?"

"ಬಂದಷ್ಟು ಮಾತಾಡು. ಬರಲಾರದಾಗ ಸುಮ್ನಿರು."

ನನಗೆ! ಸುಮ್ಮನಿರು ಅಂತ! ತವರಿನಲ್ಲಿ ನನ್ನನ್ನು ರೇಡಿಯೋ ಅಂತಿದ್ದರು. ನಿದ್ದೆಯಲ್ಲೂ ಬಂದ್ ಆಗುವುದಿಲ್ಲ ಅಂತ ಅಣ್ಣ ಅಣಕಿಸುತ್ತಿದ್ದ. ಈಗ ಬಂದ್ ಆಗಿದೆ, ಬಂದು ನೋಡಲಿ.

ಜೂನ್ 13, ಶುಕ್ರವಾರ. ಸಂಜೆ

ಅಂಗಳದ ಕಲ್ಲಿನ ಸಂದಿಯಲ್ಲಿ ಇರುವೆ ಸಾಲು ಹೊರಟಿತ್ತು. ಕುಕ್ಕುರುಗಾಲಿನಲ್ಲಿ ಕೂತು ನೋಡಿ ನೋಡಿ ಕೇಳಿದಳು — "ಯವ್ವಾ, ಈ ಇರಿವಿ ಎಲ್ಲಿಗೆ ಹೊಂಟಾವು?"

ಬಾಯಿ ತನಕ ಬಂತು. ಊರಲ್ಲಿ ಆಗಿದ್ದರೆ — ಅವು ಮದುವೆಗೆ ಹೊಂಟಾವವ್ವ, ಮುಂದಿಂದು ಬೀಗ್ತಿ, ಹಿಂದಿಂದು ಸಿಟ್ಟಿಗೆದ್ದ ಸೋದರಮಾವ, ಅಂವಗ ಹೊಸ ಧೋತ್ರ ಕೊಟ್ಟಿಲ್ಲ ಅಂತ ಸಿಟ್ಟು... ಉಣ್ಣುವ ತನಕ ಎಳೆಯುತ್ತಿದ್ದೆ.

"ಆಂಟ್," ಅಂದೆ. "ಗೋ. ಹೋಮ್." ಆಮೇಲೆ ಬೆರಳೆತ್ತಿ, "ಸೇ ಮಮ್ಮಿ."

ನನ್ನ ಮುಖ ನೋಡಿದಳು. ಬೇರೆ ಯಾರೋ ಬಂದು ಕೂತಿದ್ದಾರೆ ಅನ್ನುವ ಹಾಗೆ.

ಮನೆಯ ಮಾಲೀಕರು ಉಡಚವ್ವ ಅಂತ. ಬೆಟಗೇರಿಯ ಈ ಓಣಿಯ ಹಳೆಯ ನೇಕಾರರ ಮನೆ, ಹಿಂದಿನ ಖೋಲಿ ನಮ್ಮದು. ಮುದುಕಿ ಪಡಸಾಲೆಯಲ್ಲಿ ಕೂತು ರಾಟೆ ತಿರುಗಿಸಿ, ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ದಾರ ಸುತ್ತುತ್ತದೆ. ನೂಲು ಹರಿದಾಗೊಮ್ಮೆ ಬೈಗುಳ. ಇವತ್ತು ರಾಟೆ ನಿಲ್ಲಿಸಿ ಕೇಳಿತು:

"ಏನ ಶೈಲವ್ವಾ, ತಾಯಿ-ಮಗಳದು ಜಗಳಾ ಆಗೇತೇನ? ಒಂದ ಮಾತ ಕೇಳಸವಲ್ದು."

"ಇಲ್ಲ ಆಯಿ. ಇಂಗ್ಲಿಷ್ ಮಾತಾಡ್ತೀವಿ."

"ಅದೇನ, ಕೇಳಸದಂಗ ಆಡೂ ಭಾಷೇನ?"

ನಕ್ಕೆ. ಒಳಗೆ ಬಂದು ನಗು ನಿಂತುಹೋಯಿತು.

ಜೂನ್ 29, ಭಾನುವಾರ

ಇವರು ಬಂದಿದ್ದರು. ಎರಡೇ ದಿನ. ಮಗಳಿಗೆ ಎಬಿಸಿಡಿ ಚಾರ್ಟು, ನನಗೆ ಸೀರೆ. ಮಗಳು "ಪಪ್ಪಾ ಕಮ್" ಅಂದಳು ಅಂತ ಮುಖ ಅರಳಿಸಿಕೊಂಡು ಕೂತರು. ನನಗೇಕೋ ಸಿಟ್ಟು ಬಂತು.

"ನಾ ಒಬ್ಬಾಕಿ ಈ ಗ್ವಾಡಿ ಮುಂದ ಕುಂಡ್ರತೇನ್ರಿ. ಅಕಿ ಜೋಡಿ ನಾಕ ಮಾತರೆ ಆಡಬಾರದೇನು?"

ಇವರು ಜಗಳ ಮಾಡುವವರಲ್ಲ. ಚಾರ್ಟಿನ ಸುರುಳಿ ಬಿಡಿಸುತ್ತ, "ಶೈಲಾ, ಅಷ್ಟ ಎತ್ತರ ಏರಿ ಮಷೀನ್ ಬಿಚ್ಚಿ ಕೂಡಸೂದು ನಾ. ಕೆಳಗ ಮೀಟಿಂಗ್ ನಡದಾಗ ಬಾಯಿ ಮುಚ್ಚಕೊಂಡ ಕುಂಡರೂದೂ ನಾನ. ಯಾಕ ಕೆಟ್ಟೇತಿ ಅಂತ ನನಗ ಗೊತ್ತಿರ್ತೈತಿ, ಹೇಳಾಕ ಬರಂಗಿಲ್ಲ. ಅಕಿ ಹಂಗ ಕುಂಡರಬಾರದು" ಅಂದರು.

ಚಹಾ ಮಾಡಿ ಕೊಟ್ಟೆ.

ಜುಲೈ 8, ಮಂಗಳವಾರ. ಮಧ್ಯಾಹ್ನ

ಸಿಲಿಂಡರ್ ತರುವ ಮುಸ್ತಾಕನ ಜೊತೆ ಬಾಗಿಲಲ್ಲಿ ನಿಂತು ಮಾತಾಡಿದ್ದೇ ಮಾತಾಡಿದ್ದು. ಮಳೆ, ಅವನ ಬೈಕು, ಅವನ ತಂಗಿಯ ಮದುವೆ. "ಅಕ್ಕಾರ, ಇನ್ನೂ ಸಿಲಿಂಡರ್ ಅದಾವ್ರಿ, ಹೋಗಲ್ಯಾ?" ಅಂತ ಕೊನೆಗೆ ಅವನೇ ಕೈಮುಗಿದ. ನಾಚಿಕೆಯಾಯಿತು. ಹೀಗೆ ದಾರಿಯಲ್ಲಿ ಹೋಗುವವರನ್ನು ತಡೆದು ಮಾತಾಡುವ ಮಟ್ಟಕ್ಕೆ ಬಂದೆನಲ್ಲ.

ಮಗಳಿಗೆ ಮೊಬೈಲಿನಲ್ಲಿ ರೈಮ್ಸ್ ಹಾಕಿ ಕೊಡುತ್ತೇನೆ. ಅದು ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತದೆ. ನೋಡುತ್ತಾಳೆ. ಜೊತೆಗೆ ಹಾಡುವುದಿಲ್ಲ. ಇರುವೆ ಎಲ್ಲಿಗೆ ಹೋಗುತ್ತವೆ ಅಂತ ಈಗ ಕೇಳುವುದಿಲ್ಲ.

ಸಂಜೆ

ಅಂಗೈ ಮೇಲೆ ನೀಲಿ ಮೊಹರು ಹೊತ್ತು ಬಂದಳು. ಮೊಹರಿನಲ್ಲಿ ಒಂದು ದುಂಡು ಮುಖ, ಜೋತುಬಿದ್ದ ಬಾಯಿ. ಕ್ಲಾಸಿನಲ್ಲಿ ಕನ್ನಡ ಆಡಿದವರಿಗೆ ಹಾಕುತ್ತಾರಂತೆ. ವ್ಯಾನಿನ ಹುಡುಗಿ ಹೇಳಿದಳು — ಪ್ರಿಯಾಂಕಾ "ನೀರು" ಅಂದಳಂತೆ. ಸಬಕಾರ ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ಅವಳು ಅಳಲಿಲ್ಲ, ತಿಕ್ಕಿಸಿಕೊಂಡು ನಿಂತಿದ್ದಳು.

ಜುಲೈ 19, ಶನಿವಾರ

ಪೇರೆಂಟ್ಸ್ ಮೀಟಿಂಗ್. ಬಾಗಿಲ ಹೊರಗೆ ಸರದಿಗೆ ನಿಂತಿದ್ದೆ. ಒಳಗೆ ಮಿಸ್ ಫೋನಿನಲ್ಲಿ — "ಯವ್ವಾ, ಅಂವಗ ಸಜ್ಜಕಾ ಮಾಡಿ ಉಣಸಬೇ, ಅನ್ನಾ ಹಾಕಬ್ಯಾಡ, ಕೆಮ್ಮ ಐತಿ ಕೂಸಿಗೆ!" ಪಕ್ಕಾ ಬೆಳ್ಳಟ್ಟಿ ಧಾಟಿ. ನನ್ನ ಚಿಗವ್ವನನ್ನು ಬೆಳ್ಳಟ್ಟಿಗೇ ಕೊಟ್ಟಿದ್ದು, ನನಗೆ ತಿಳಿಯುವುದಿಲ್ಲವೇ! ನನ್ನ ಸರದಿ ಬಂದಾಗ ಫೋನ್ ಕೆಳಗಿಟ್ಟು, "ಗುಡ್ ಮಾರ್ನಿಂಗ್ ಮೇಡಂ."

ಆಮೇಲೆ ಅವರು ಹೇಳಿದ್ದು ಕೇಳಿ ನಗು ಇಳಿಯಿತು. ಪ್ರಿಯಾಂಕಾ ಕ್ಲಾಸಿನಲ್ಲಿ ಬಾಯಿ ಬಿಡುವುದೇ ಇಲ್ಲವಂತೆ. ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಬಾತ್‌ರೂಮಿಗೆ ಹೋಗಬೇಕಾದರೂ ಕೇಳುವುದಿಲ್ಲ, ಮಾಡಿಕೊಂಡುಬಿಡುತ್ತಾಳೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ.

"ಒಮ್ಮೆ ಕಿವಿ ಟೆಸ್ಟ್ ಮಾಡಿಸಿ. ಹೀಗೇ ಇದ್ದರೆ ಮುಂದೆ ನಮ್ಮಲ್ಲಿ ಕಷ್ಟ ಆಗುತ್ತೆ."

ಮನೆಗೆ ಬಂದು ಅವಳ ಹಿಂದೆ ನಿಂತು ತಟ್ಟೆ ಕೆಡವಿದೆ. ಬೆಚ್ಚಿ ತಿರುಗಿದಳು. ಕೇಳಿಸುತ್ತದೆ. ಕೇಳಿಸುತ್ತದೆ ಅನಿಸುತ್ತದೆ. ಆದರೆ ಹೌದು — ಮನೆಯಲ್ಲೂ ಮಾತು ನಿಂತು ಎಷ್ಟು ದಿನವಾಯಿತು, ನಾನು ಗಮನಿಸಲೇ ಇಲ್ಲವಲ್ಲ... ಶಾಂತವಾಗಿದ್ದಾಳೆ, ಚಲೋ ಆಯಿತು ಅಂದುಕೊಂಡಿದ್ದೆ.

ಆಗಸ್ಟ್ 11, ಸೋಮವಾರ. ಹುಬ್ಬಳ್ಳಿಯಿಂದ ಬರುವಾಗ, ರೈಲಿನಲ್ಲಿ

ಬರೆಯುವ ಮನಸ್ಸೇ ಇರಲಿಲ್ಲ ಇಷ್ಟು ದಿನ. ಈಗ ಅವಳು ತೊಡೆಯ ಮೇಲೆ ಮಲಗಿದ್ದಾಳೆ. ಅಕ್ಷರ ಅಲುಗುತ್ತಿದೆ.

ಕಿವಿ ಡಾಕ್ಟರು ವಯಸ್ಸಾದವರು. ಮಷೀನು ಹಚ್ಚಿ ನೋಡಿದರು. ಆಮೇಲೆ ಅವಳನ್ನು ಆಟಿಕೆಗಳ ಮುಂದೆ ಕೂರಿಸಿ, ನನಗೆ ಹಿಂದೆ ನಿಲ್ಲಲು ಹೇಳಿ, "ಹೆಸರು ಹಿಡದು ಕರೀರಿ" ಅಂದರು.

"ಪ್ರಿಯಾಂಕಾ," ಅಂದೆ.

ಅಲುಗಲಿಲ್ಲ.

"ಪ್ರಿಯಾಂಕಾ! ಕಮ್ ಹಿಯರ್!"

ಕೆಂಪು ಕಾರು ತಿರುಗಿಸುತ್ತಲೇ ಇದ್ದಳು. ಡಾಕ್ಟರು ಏನೋ ಗೀಚಿಕೊಂಡರು. "ಮನ್ಯಾಗ ಬ್ಯಾರೆ ಏನರೆ ಅಂತ ಕರೀತೀರೇನು?"

ತೊಟ್ಟಿಲ ಹೆಸರು ಹೇಳಬೇಕಿತ್ತು, ಬಾಯಿ ಬರಲಿಲ್ಲ. "ಅದು... ಹನುಮಪ್ಪನ ಹೆಸರ್ರಿ... ಹೆಣ್ಣಮಕ್ಕಳದು..." ಅಂತ ತೊದಲಿದೆ. ಅವರಿಗೆ ತಿಳಿಯಿತು. ನಕ್ಕರು. "ಅತ್ತೀ ಹೆಸರಾ? ಇರ್ಲಿ ಬಿಡ್ರಿ. ನೀವು ಮದಲ ಏನಂತಿದ್ರಿ, ಹಂಗ ಕರೀರಿ."

"ಯವ್ವಾ," ಅಂದೆ. ಜೋರಾಗಿ ಅಲ್ಲ.

ಕಾರು ಕೈಬಿಟ್ಟಳು. ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು. ಕಣ್ಣು ಇಷ್ಟಗಲ.

"ಕಿವಿ ನನಗಿಂತ ಚಲೋ ಅದಾವ," ಅಂದರು ಡಾಕ್ಟರು. "ಮನ್ಯಾಗ ಇಕಿ ಜೋಡಿ ಯಾರ ಮಾತಾಡ್ತೀರಿ?"

"ನಾನ ರೀ. ಇಂಗ್ಲಿಷ್‌ನ್ಯಾಗ."

"ನಿಮಗ ಎಷ್ಟ ಬರ್ತೈತಿ?"

"ಸ್ವಲ್ಪ ರೀ."

"ಅಂದ್ರ ಇಕಿಗೆ ಸಿಗೂದೂ ಅಷ್ಟ ಸ್ವಲ್ಪ. ಕೂಸು ಮಾತು ಕಲಿಯೂದು ಮನಿ ಮಾತು ಕೇಳಿ ಕೇಳಿ. ಅದು ಗಟ್ಟಿ ಆದ್ರ ಇಂಗ್ಲಿಷು ತಾನ ಬರ್ತೈತಿ, ಕನ್‌ಫ್ಯೂಸ್ ಪನ್‌ಫ್ಯೂಸ್ ಏನಿಲ್ಲ. ನಿಮಗ ಬರೂ ಭಾಷಾದಾಗ ಹೊಟ್ಟಿತುಂಬ ಮಾತಾಡ್ರಿ."

ಅಣ್ಣಿಗೇರಿ ಬಂತು. ಕಡಲೆ ಮಾರುವವನ ಕೂಗಿಗೆ ಎದ್ದಳು. ಮತ್ತೆ ಮಲಗಿದಳು.

ಆಗಸ್ಟ್ 12, ಮಂಗಳವಾರ

ಫೋನಿನಲ್ಲಿ ಎಲ್ಲ ಹೇಳಿದೆ. ಇವರಿಗೆ ಕಿವಿ ಸರಿ ಇದೆ ಅಂತ ಸಮಾಧಾನ. ಉಳಿದದ್ದಕ್ಕೆ — "ಡಾಕ್ಟರ್ ಒಂದ ಹೇಳ್ತಾರ, ಶಾಲ್ಯಾಗ ಒಂದ ಹೇಳ್ತಾರ. ಅಕಿ ದಿನಾ ಹೋಗೂದು ಶಾಲಿಗೆ. ನಾ ಬರೂತನಾ ತಡಿ."

ನಾನೂ ತಡೆದೆ. ಇವರ ಮೇಲೆ ಹಾಕುವುದೇಕೆ, ನನಗೇ ಹೆದರಿಕೆ. ಮನೆಯಲ್ಲಿ ನಾನು ಕನ್ನಡ ಆಡಿದರೆ ಅಲ್ಲಿ ಅವಳ ಬಾಯಲ್ಲಿ ಬರುತ್ತದೆ. ಮೊಹರು ಬೀಳುವುದು ಅವಳ ಅಂಗೈ ಮೇಲೆ, ನನ್ನ ಅಂಗೈ ಮೇಲಲ್ಲ. ಸಂಜೆ ವ್ಯಾನ್ ಇಳಿದಾಗ ಯವ್ವಾ ಅನ್ನಬೇಕು ಅಂತ ಬಾಯಿ ತೆರೆದೆ. "ಕಮ್," ಅಂದೆ.

ಸೆಪ್ಟೆಂಬರ್ 3, ಬುಧವಾರ. ಸಂಜೆ

ಆದದ್ದು ಆದ ಹಾಗೇ ಬರೆಯುತ್ತೇನೆ.

ಕಾಯಿಪಲ್ಯ ತರಲು ಹೋಗಿದ್ದೆ. ಅವಳನ್ನು ಉಡಚವ್ವನ ಹತ್ತಿರ ಬಿಟ್ಟಿದ್ದೆ. ಬರುವಾಗ ಅಂಗಳದ ಬಾಗಿಲಲ್ಲೇ ಕೇಳಿಸಿತು —

"ಎಳಿ ಹರೀತ ಆಯಿ! ಹಾಳಾದ ಎಳಿ! ನಿನ್ನ ಮಾರಿ ಮಣ್ಣಾಗ!"

ಥೇಟ್ ಉಡಚವ್ವನ ಬೈಗುಳ. ಆದರೆ ಮುದುಕಿಯ ದನಿಯಲ್ಲ. ಯಾರ ಮನೆಯ ಮಗು ಬಂದಿದೆ ಅಂದುಕೊಂಡೆ. ಆಣೆ ಮಾಡಿ ಹೇಳುತ್ತೇನೆ, ನನ್ನ ಮಗಳ ದನಿ ನನಗೇ ಗುರುತು ಹತ್ತಲಿಲ್ಲ.

"ಬೈದ್ರ ಅದು ಕೇಳತೈತೇನಬೇ?" ಮುದುಕಿ. "ನಾ ಲಗ್ನಾಗಿ ಬಂದಾಗಿಂದ ಬೈಯಾಕತ್ತೇನಿ, ಒಂದ ಎಳಿ ಮಾತ ಕೇಳಿಲ್ಲ. ಹೋಗು, ನಿಮ್ಮವ್ವ ಬಂದ್ಲಂದ್ರ ರಾಟಿಗೆ ಚೂರ ಎಣ್ಣಿ ಬೇಕಂತ ಹೇಳು."

"ಮಮ್ಮಿಗೆ ಹೇಳಾಕ ಬರಂಗಿಲ್ಲ."

"ಯಾಕ?"

"ಮಮ್ಮಿಗೆ ಮಾತು ಬರಂಗಿಲ್ಲ ಆಯಿ. ಈಟ್, ಕಮ್ ಅಷ್ಟ ಬರ್ತಾವ." ಸ್ವಲ್ಪ ತಡೆದು — "ಪಾಪ."

ಚೀಲ ಹಿಡಿದು ನಿಂತೇ ಇದ್ದೆ. ಮೆಂತೆ ಸೊಪ್ಪು ನೆಲಕ್ಕೆ ಬಿದ್ದದ್ದೂ ತಿಳಿಯಲಿಲ್ಲ. ಮುದುಕಿ "ಹೌದೇನು" ಅಂದು ರಾಟೆ ತಿರುಗಿಸಿತು. ನಾನು ಒಳಗೆ ಹೋದ ಕೂಡಲೇ ಅವಳು ಸುಮ್ಮನಾದಳು. ನನ್ನ ಹಿಂದೆ ಖೋಲಿಗೆ ಬಂದು, "ಮಮ್ಮಿ, ಆಯಿಲ್," ಅಂದಳು. ನಿಧಾನವಾಗಿ, ನನಗೆ ತಿಳಿಯಲಿ ಅಂತ.

ಬಚ್ಚಲಿಗೆ ಹೋಗಿ ನಳ ಬಿಟ್ಟು ಅತ್ತೆ.

ಸೆಪ್ಟೆಂಬರ್ 6, ಶನಿವಾರ

ಎರಡು ದಿನ ಒಳಗೊಳಗೇ ತಾಲೀಮು ಮಾಡಿದೆ. ಹುಟ್ಟಿದಾಗಿನಿಂದ ಆಡಿದ ಭಾಷೆ, ಈಗ ಹೊಸ ಸೊಸೆಯ ಹಾಗೆ ಬಾಗಿಲಲ್ಲೇ ನಿಲ್ಲುತ್ತದೆ.

ರೊಟ್ಟಿ ಬಡಿಯುತ್ತಿದ್ದೆ. ಎದುರಿಗೆ ಕೂತಿದ್ದಳು. "ಯವ್ವಾ," ಅಂದೆ. "ರೊಟ್ಟಿ ಬಿಸಿ ಐತಿ. ಬೆಣ್ಣಿ ಹಚ್ಚಲೇನ?"

ಗಾಬರಿಯಾದಳು. ಬಾಗಿಲ ಕಡೆ ನೋಡಿದಳು. ಎದ್ದು ಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. "ಮಮ್ಮಿ, ನೋ." ಆಮೇಲೆ ಆ ಅಂಗೈ ತಿರುಗಿಸಿ ತೋರಿಸಿದಳು. ಜುಲೈಯಲ್ಲಿ ಮೊಹರು ಬಿದ್ದಿದ್ದ ಜಾಗ, ನೀಲಿ ಎಂದೋ ಹೋಗಿದೆ. "ಸ್ಯಾಡ್."

ನನಗೆ ಮೊಹರು ಬೀಳುತ್ತದೆ ಅಂತ ಅವಳಿಗೆ ಭಯ. ನನ್ನನ್ನು ಕಾಯುತ್ತಿದ್ದಾಳೆ, ನನ್ನವ್ವ.

ಹಿಟ್ಟಿನ ಕೈಯಲ್ಲೇ ಎದ್ದು ಈ ಪೆನ್ನು ತೆಗೆದೆ. ನನ್ನ ಅಂಗೈ ಮೇಲೆ ದುಂಡು ಮುಖ ಬರೆದೆ, ಎರಡು ಕಣ್ಣು, ಜೋತುಬಿದ್ದ ಬಾಯಿ. ಎರಡೂ ಅಂಗೈಗೆ. ಅವಳ ಮುಂದೆ ಹಿಡಿದೆ. "ನನಗೂ ಬಿತ್ತ ನೋಡು. ಏನಾತು? ಏನೂ ಆಗಲಿಲ್ಲ. ರೊಟ್ಟಿ ಬಡಿಯಾಕ ಇನ್ನೂ ಬರ್ತೈತಿ."

ಬಡಿದೆ. ಮಸಿ ರೊಟ್ಟಿಗೆ ಹತ್ತಿತು. ಬೇಯಿಸಿದೆ. ಅವಳು ನಗಲಿಲ್ಲ, ಮಾತಾಡಲಿಲ್ಲ. ಆದರೆ ಬಿಳಿ ರೊಟ್ಟಿ ಬಿಟ್ಟು ಅದೇ ನೀಲಿ ರೊಟ್ಟಿ ಬೇಕು ಅಂತ ಬೆರಳು ಮಾಡಿದಳು. ಕೊಡಲಿಲ್ಲ, ಮಸಿ ಹೊಟ್ಟೆಗೆ ಹೋದೀತು. ಹಟ ಮಾಡಿದಳು. ಎಷ್ಟೋ ತಿಂಗಳ ಮೇಲೆ ನನ್ನ ಮೇಲೆ ಹಟ.

ಸೆಪ್ಟೆಂಬರ್ 7, ಭಾನುವಾರ

ಇವರ ಫೋನು. ಅವಳು ಹೇಳಿದ್ದನ್ನು ಹೇಳಿದೆ. ಪಾಪ ಅಂದದ್ದನ್ನೂ.

ಆ ಕಡೆ ಗಾಳಿಯ ಶಬ್ದ ಅಷ್ಟೇ.

"ಮೀಟಿಂಗಿನ್ಯಾಗ ಬಾಯಿ ಮುಚ್ಚಕೊಂಡ ಕುಂಡರತೇನಿ ಅಂದ್ರೆಲ್ಲ," ಅಂದೆ. "ನಿಮ್ಮ ಮಗಳು ಮನ್ಯಾಗನ ಹಂಗ ಕುಂತಾಳ್ರಿ."

"ಅಕಿಗೆ ಕೊಡು ಫೋನ್."

ಕೊಟ್ಟೆ. "ಯವ್ವಾ, ಉಂಡೇನ? ಏನ ಉಂಡಿ?" ಅನ್ನುತ್ತಿದ್ದರು. ಅವಳು ಫೋನ್ ಕಿವಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಕಟ್ ಆದ ಮೇಲೂ ಹಿಡಿದುಕೊಂಡೇ ಇದ್ದಳು.

ಸೆಪ್ಟೆಂಬರ್ 15, ಸೋಮವಾರ

ಶಾಲೆಗೆ ಹೋದೆ. ಮೊಹರು ಹಾಕಬೇಡಿ ಅಂದೆ. ಮಿಸ್, "ಅದು ರೂಲ್ ಮೇಡಂ, ನಾನೇನು ಮಾಡಲಿ?"

ತಡೆದುಕೊಳ್ಳಲು ಆಗಲಿಲ್ಲ. "ಮಿಸ್, ನಿಮ್ಮ ಕೂಸಿನ ಕೆಮ್ಮ ಕಡಿಮ್ಯಾತ್ರೀ? ಸಜ್ಜಕಾ ಉಣಸಿದ್ರೇನ್ರಿ ನಿಮ್ಮವ್ವಾರು?"

ಮುಖ ಕೆಂಪಾಯಿತು. ಬೈಯುತ್ತಾರೆ ಅಂದುಕೊಂಡೆ. ಸುತ್ತ ನೋಡಿ, ದನಿ ಇಳಿಸಿ, "ಅಕಿಗೆ ಹಾಕೂದಿಲ್ರಿ. ಯಾರ ಮುಂದೂ ಹೇಳಬ್ಯಾಡ್ರಿ" ಅಂದರು. ಅವರನ್ನು ಬೈದು ಏನು? ಅವರ ಮಗ ಬೆಳ್ಳಟ್ಟಿಯಲ್ಲಿ ಅಜ್ಜಿಯ ಹತ್ತಿರ ಇದ್ದಾನಂತೆ. ವಾರಕ್ಕೊಮ್ಮೆ ನೋಡುತ್ತಾರಂತೆ. ಗೇಟಿನ ತನಕ ಬಂದು ಅದನ್ನು ಹೇಳಿದರು.

ಅಕ್ಟೋಬರ್ 13, ಸೋಮವಾರ. ಮಧ್ಯಾಹ್ನ

ದಸರೆಗೆ ಹಮ್ಮಿಗಿಗೆ ಹೋಗಿದ್ದೆವು. ಬರೆಯಲು ಪುರುಸೊತ್ತಾಗಲಿಲ್ಲ, ಬರೆಯುವ ಅಗತ್ಯವೂ ಬೀಳಲಿಲ್ಲ.

ಅವಳು ಅಲ್ಲಿ ಹೊಳೆಯ ದಂಡೆಯಲ್ಲಿ ಹುಡುಗರ ಹಿಂದೆ ಓಡಿದ್ದೇನು, ಮಾವನ ಹೆಗಲ ಮೇಲೆ ಕೂತು ಊರ ಸುದ್ದಿ ಹೇಳಿದ್ದೇನು. ಎಮ್ಮೆಗೂ ಬೈದಳು, ಉಡಚವ್ವನ ಬೈಗುಳದಿಂದ. ಓಣಿಯೇ ನಕ್ಕಿತು. ಶಾಲೆಯಲ್ಲೂ ಪರವಾಗಿಲ್ಲವಂತೆ. "ಮಿಸ್, ವಾಟರ್ ಕುಡೀಲೇನ್ರಿ?" ಅಂತ ಕೇಳಿದಳಂತೆ. ಮಿಸ್ ಫೋನ್ ಮಾಡಿ ಹೇಳಿದರು.

ಎಲ್ಲರ ಜೊತೆ ಮಾತು. ನನ್ನ ಜೊತೆ ಮಾತ್ರ — ಮಮ್ಮಿ, ಈಟ್. ಮಮ್ಮಿ, ಕಮ್. ಮಮ್ಮಿ, ಸ್ಲೀಪ್.

ನಾನು ದಿನವಿಡೀ ಕನ್ನಡದಲ್ಲಿ ಹರಟುತ್ತೇನೆ. ಇರುವೆಯ ಮದುವೆ ಪೂರ್ತಿ ಹೇಳಿದೆ, ಧೋತ್ರದ ಜಗಳ ಸಮೇತ. ಕೇಳುತ್ತಾಳೆ. ಕಣ್ಣು ಮಿಟುಕಿಸದೆ ಕೇಳುತ್ತಾಳೆ. ಆಮೇಲೆ ನನಗೆ ಏನಾದರೂ ಹೇಳಬೇಕಾದಾಗ ತಡವರಿಸಿ, ಹುಡುಕಿ, ಆ ನಾಲ್ಕು ಇಂಗ್ಲಿಷ್ ಶಬ್ದಗಳಲ್ಲೇ ಹೇಳುತ್ತಾಳೆ. ನನ್ನ ಭಾಷೆ ಅದು ಅಂತ ಅವಳ ಲೆಕ್ಕ. ನನಗೆ ಕಷ್ಟವಾಗಬಾರದು ಅಂತ.

ಇವತ್ತು ಅವಳು ಶಾಲೆಗೆ ಹೋದ ಮೇಲೆ ತಟ್ಟೆ ಹಾಕಿಕೊಂಡು ಉಣ್ಣಲು ಕೂತೆ. ಇದೇ ಖೋಲಿಯಲ್ಲಿ ಜೂನ್ ತಿಂಗಳಿಂದ ಒಬ್ಬಳೇ ಉಂಡಿದ್ದೇನೆ. ಆಗ ಇಷ್ಟು ಒಬ್ಬಳೇ ಅನಿಸಿರಲಿಲ್ಲ.

ಅಕ್ಟೋಬರ್ 24, ಶುಕ್ರವಾರ

"ಆಯಿ, ಅಕಿ ನನ್ನ ಜೋಡಿ ಯಾವಾಗ ಮಾತಾಡ್ತಾಳ?" ಅಂತ ಉಡಚವ್ವನನ್ನು ಕೇಳಿದೆ. ಕೇಳಬಾರದಿತ್ತು.

"ನನಗೇನ ಗೊತ್ತ? ನಮ್ಮ ಮಗಾ ಎದರಿಗೆ ಕುಂತ ಉಣತಾನ, ಅಂವನ ನನ್ನ ಜೋಡಿ ಮಾತಾಡಂಗಿಲ್ಲ," ಅಂತು ಮುದುಕಿ. ನೂಲು ಹರಿಯಿತು. ಬೈದಿತು. ಹರಿದ ತುದಿ ನಾನು ಹಿಡಿದುಕೊಟ್ಟೆ.

ನವೆಂಬರ್ 8, ಶನಿವಾರ. ಸಂಜೆ 5

ಅರ್ಧ ದಿನ ಶಾಲೆ. ಬಂದವಳೇ ಪಡಸಾಲೆಗೆ ಓಡಿದಳು. ನಾನು ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ, ರಾಟೆಯ ಶಬ್ದ ಕೇಳಿಸುತ್ತಿದೆ. ಮುಂದಿನ ವಾರ ಇವರು ಬರುತ್ತಾರೆ. ಹಾಸಿಗೆ ಬಿಸಿಲಿಗೆ ಹಾಕಬೇಕು. ಹಿಟ್ಟು ಮುಗಿದಿದೆ, ಜೋಳ ಬೀಸಿಸಬೇಕು. ಉಡಚವ್ವನಿಗೆ ಮೊಣಕಾಲು ನೋವು, ಎಣ್ಣೆ ಕಾಯಿಸಿ ಕೊಡುತ್ತೇನೆ ಅಂದಿದ್ದೆ, ಮರೆತೇ —

ರಾಟೆ ನಿಂತಿತು. "ಯವ್ವಾ!" ಅಂತ ಕೂಗಿದಳು.

"ಏನಬೇ?" ಅಂತು ಮುದುಕಿ. ಅದಕ್ಕೂ ಆ ಹೆಸರೇ ತಾನೆ, ಈ ಅಂಗಳದಲ್ಲಿ ಯಾರಿಗಿಲ್ಲ ಆ ಹೆಸರು. ನಾನು ತಲೆ ಎತ್ತಲಿಲ್ಲ.

"ನಿನಗಲ್ಲ ಆಯಿ. ನಮ್ಮವ್ವಗ." ಮತ್ತೆ, ಜೋರಾಗಿ, ಮೇ ತಿಂಗಳಲ್ಲಿ ಆಫೀಸಿಗೆಲ್ಲ ಕೇಳುವ ಹಾಗೆ ಕೂಗಿದ್ದಳಲ್ಲ, ಹಾಗೇ — "ಯವ್ವಾ, ಜಲ್ದಿ ಬಾರಬೇ! ಇರಿವಿ ಹೊಳ್ಳಿ ಹೊಂಟಾವು, ಮದುವಿ ಮುಗೀತೇನ ನೋಡ ಬಾ—"

ಬಂದೆ ಯವ್ವಾ, ಬಂ—